ಗುಡ್ಡದ ಮೇಲೆ ಸುಮ್ನೆ ನಿಂತವನು

ದಸರಾ ರಜೆಗೆ ಅಕ್ಕನ ಮಗ ಹಾಸನಕ್ಕೆ ಬಂದಿದ್ದ. ಚಿಕ್ಕಮಗಳೂರಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಾನೆ. ಮೂರು ದಿನವೂ ಮಳೆ. ಹೊರಗೆ ಹೋಗುವ ಹಾಗಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸಿವಿಲೈಸೇಶನ್ ಸಿಕ್ಸ್ ಇದೆ ಅಂತ ಅವನಿಗೆ ಗೊತ್ತು. ಒಂದು ನಾಡನ್ನು ಆರಿಸಿಕೊಂಡು, ಊರು ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟ ಅದು. ಮೊದಲನೇ ದಿನ ಬೆಳಿಗ್ಗೆಯೇ ಭಾರತವನ್ನು ಆರಿಸಿಕೊಂಡು ಶುರು ಮಾಡಿದ. ಅವನಿಗೆ ಬೇಕಾಗಿದ್ದು ಆನೆ. ಈ ಆಟದಲ್ಲಿ ಭಾರತಕ್ಕೆ ಮಾತ್ರ ಸಿಗುವ ಪಡೆ ಅದು, ಹೆಸರು ವರು. ಅದರ ಬಲ 40. ಪಕ್ಕದಲ್ಲಿ ನಿಂತ ಶತ್ರುವಿನ ಬಲವನ್ನೂ 5 ಕಡಿಮೆ ಮಾಡುತ್ತದೆ. ಕುದುರೆ ಸವಾರಿಯ ವಿದ್ಯೆ ಕಲಿತರೆ ಮಾತ್ರ ಅದು ಬರುವುದು. ಹಾಗಾಗಿ ಹುಡುಗ ಬೇರೆ ಎಲ್ಲವನ್ನೂ ಬಿಟ್ಟು ಅದರ ಹಿಂದೆ ಬಿದ್ದಿದ್ದ.

ಆಟ ಶುರುವಾಗುವಾಗ ಕೈಯಲ್ಲಿ ಎರಡೇ ಇರುತ್ತವೆ. ಊರು ಕಟ್ಟುವ ಒಬ್ಬ ಸೆಟ್ಲರ್, ಕಾದಾಡುವ ಒಬ್ಬ ವಾರಿಯರ್. ಸೆಟ್ಲರ್ ಊರು ಕಟ್ಟಿದ. ವಾರಿಯರ್‌ನನ್ನು ಇವನು ಲೋಕ ನೋಡಿಕೊಂಡು ಬಾ ಅಂತ ದೂರ ಕಳಿಸಿದ. ಮೂವತ್ತನೇ ಟರ್ನ್, ಅಂದರೆ ಸರದಿ, ಹೊತ್ತಿಗೆ ಆ ವಾರಿಯರ್ ಎಲ್ಲೋ ಹಿಮದ ಹತ್ತಿರ ಓಡಾಡುತ್ತಿದ್ದ. ಇತ್ತ ಎರಡನೇ ಸೆಟ್ಲರ್ ತಯಾರಾದ. ನಾನು ಹಿಂದೆ ಕೂತು ಟೀ ಕುಡಿಯುತ್ತಾ ಹೇಳಿದೆ, "ಆ ವಾರಿಯರ್‌ನ ವಾಪಸ್ ಕರೆಸು. ಹೊಳೆ ಪಕ್ಕದ ಗುಡ್ಡದ ಮೇಲೆ ನಿಲ್ಲಿಸು. ಆಮೇಲೆ ಸೆಟ್ಲರ್ ಕಳಿಸು."

"ಸುಮ್ನೆ ನಿಂತ್ಕೊಂಡ್ರೆ ಏನ್ ಬಂತು ಮಾಮ? ಅವನು ಏನೂ ಮಾಡ್ತಾ ಇರಲ್ವಲ್ಲ."

ಸೆಟ್ಲರ್ ಒಬ್ಬನೇ ಹೊರಟ. ಮೂರನೇ ಟರ್ನ್‌ಗೆ ಭೂಪಟದಲ್ಲಿ ಇನ್ನೂ ಕಣ್ಣಿಗೆ ಬೀಳದ ಕಂದು ಬಣ್ಣದ ಜಾಗದಿಂದ ಒಬ್ಬ ಬಾರ್ಬೇರಿಯನ್ ಈಟಿಯವನು, ಯಾವ ನಾಡಿಗೂ ಸೇರದ ದಾಳಿಕೋರ, ಹೊರಗೆ ಬಂದ. ಸೆಟ್ಲರ್‌ನನ್ನು ಹಿಡಿದುಕೊಂಡು ಹೋದ. ಹುಡುಗ ಸ್ವಲ್ಪ ಹೊತ್ತು ಸ್ಕ್ರೀನ್ ನೋಡುತ್ತಾ ಕೂತ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋದ.

ಸೆಟ್ಲರ್ ಹೋಗಿದ್ದು ದೊಡ್ಡದಲ್ಲ. ಮೂವತ್ತು ಟರ್ನ್ ಹಿಂದಕ್ಕೆ ಹೋಗಿ ಮತ್ತೆ ಆಡಬಹುದು. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸುಮ್ನೆ ನಿಂತವನು ಏನು ಮಾಡುತ್ತಿರುತ್ತಾನೆ? ಆಟದ ನಿಯಮ ಹೇಳಿ ಉತ್ತರ ಕೊಡಬಹುದಿತ್ತು. ಆಮೇಲೆ ಕೊಟ್ಟೆ ಕೂಡ. ಆದರೆ ಈ ಪ್ರಶ್ನೆ ಆಟಕ್ಕಿಂತ ಹಳೆಯದು ಅನ್ನಿಸಿತು. ಇದಕ್ಕೆ ಉತ್ತರ ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಕೇಳಿದ್ದು ಮರೆತು, ಇಪ್ಪತ್ತು ವರ್ಷ ಬೇರೆ ಎಲ್ಲೋ ಹುಡುಕಿದ್ದೆ.

ಹಾಸ್ಟೆಲಿನ ಸ್ಟೋನ್‌ಹೆಂಜ್

ನಾನು ಈ ಆಟ ಮೊದಲು ಆಡಿದ್ದು 2008ರಲ್ಲಿ, ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ. ಆಗ ಇದ್ದದ್ದು ಸಿವಿಲೈಸೇಶನ್ ಫೋರ್. ನಮ್ಮ ರೂಮಿನಲ್ಲಿ ಒಬ್ಬನ ಹತ್ತಿರ ಮಾತ್ರ ಕಂಪ್ಯೂಟರ್ ಇತ್ತು. ರಾತ್ರಿ ಊಟ ಆದ ಮೇಲೆ ನಾಲ್ಕು ಜನ ಸರದಿ ಹಾಕಿಕೊಂಡು ಆಡುತ್ತಿದ್ದೆವು. ಆಟವೂ ಸರದಿ ಮೇಲೆ ನಡೆಯುವುದು, ಕುರ್ಚಿಯೂ ಸರದಿ ಮೇಲೆ ಸಿಗುವುದು.

ನನಗೆ ಕಟ್ಟುವುದೆಂದರೆ ಬಹಳ ಇಷ್ಟ. ಇಂಗ್ಲೆಂಡಿನ ಹಳೆಯ ಕಲ್ಲಿನ ವೃತ್ತ ಸ್ಟೋನ್‌ಹೆಂಜ್ ಮೊದಲು ಕಟ್ಟಬೇಕು ಅನ್ನುವ ಆಸೆ. ಅದಕ್ಕೆ 120 ಸುತ್ತಿಗೆ ಬೇಕು. ಆ ಆಟದಲ್ಲಿ ಕೆಲಸದ ಅಳತೆಯೇ ಸುತ್ತಿಗೆ. ಒಬ್ಬ ವಾರಿಯರ್‌ಗೆ 15 ಸುತ್ತಿಗೆ ಸಾಕು. ಅಂದರೆ ಒಂದು ಸ್ಟೋನ್‌ಹೆಂಜ್ ಕಟ್ಟುವ ಶ್ರಮದಲ್ಲಿ ಎಂಟು ವಾರಿಯರ್ ಬರುತ್ತಾರೆ. ಈ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಲ್ಲು ನಿಲ್ಲಿಸುವುದರಲ್ಲೇ ಇದ್ದೆ. ಯಾಕೆಂದರೆ ಕಲ್ಲು ಕಣ್ಣಿಗೆ ಕಾಣುತ್ತದೆ. ಊರಿನ ಪಕ್ಕದಲ್ಲಿ ಚಿತ್ರ ಬರುತ್ತದೆ, ಸಂಗೀತ ಬರುತ್ತದೆ. ವಾರಿಯರ್ ನಿಂತರೆ ಏನೂ ಬರುವುದಿಲ್ಲ.

ಆ ಆಟದಲ್ಲಿ ಶುರುವಿಗೆ ಕಾಡಿನಲ್ಲಿ ಪ್ರಾಣಿಗಳು ಇರುತ್ತವೆ. ತೋಳ, ಚಿರತೆ, ಸಿಂಹ, ಕರಡಿ. ವಾರಿಯರ್ ಬಲ 2, ಕರಡಿಯ ಬಲ 3. ಪ್ರಾಣಿಗಳು ನಮ್ಮ ಗಡಿಯೊಳಗೆ ಬರುವುದಿಲ್ಲ. ಹಾಗಾಗಿ ಊರೊಳಗೆ ಇದ್ದವನಿಗೆ ಏನೂ ಆಗುವುದಿಲ್ಲ ಅನ್ನುವ ಧೈರ್ಯ ಬಂದುಬಿಡುತ್ತದೆ. ಆದರೆ ಕಾಲ ಕಳೆದ ಹಾಗೆ ಪ್ರಾಣಿಗಳು ಕಡಿಮೆಯಾಗಿ ಮನುಷ್ಯರು ಬರುತ್ತಾರೆ. ಅವರಿಗೆ ಗಡಿ ಲೆಕ್ಕವೇ ಇಲ್ಲ. ಒಂದು ರಾತ್ರಿ ಬಾರ್ಬೇರಿಯನ್ ಬಿಲ್ಲುಗಾರನೊಬ್ಬ ನನ್ನ ಎರಡನೇ ಊರಿಗೆ ನಡೆದುಕೊಂಡು ಬಂದ. ಊರಿನಲ್ಲಿ ಒಬ್ಬನೂ ಇರಲಿಲ್ಲ. ಇದ್ದ ಒಬ್ಬ ವಾರಿಯರ್‌ನನ್ನು ನಾನು ನಾಡು ನೋಡಲು ಕಳಿಸಿದ್ದೆ. ಊರು ಇನ್ನೂ ಚಿಕ್ಕದು, ಜನಸಂಖ್ಯೆ ಒಂದು. ಅಂಥ ಊರು ಶತ್ರುವಿನ ಕೈಗೆ ಹೋದರೆ ಉಳಿಯುವುದಿಲ್ಲ. ನಕಾಶೆಯಿಂದಲೇ ಅಳಿಸಿಹೋಗುತ್ತದೆ. ಅದು ಆಗ ನನಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ರಾಜಧಾನಿಯಲ್ಲಿ ಸ್ಟೋನ್‌ಹೆಂಜ್ ಮುಗಿಯಲು ಎರಡು ಟರ್ನ್ ಬಾಕಿ ಇತ್ತು.

ಪಕ್ಕದ ರೂಮಿನ ಸೀನಿಯರ್ ಒಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಲೋ, ಊರಲ್ಲಿ ಒಬ್ಬನ್ನಾದ್ರೂ ಬಿಟ್ಟು ಹೋಗಲ್ವೇನೋ?" ಅಂದರು. ಅವರ ಮಾತಿನಲ್ಲಿ ಬೈಗುಳ ಇರಲಿಲ್ಲ. ನಿಜವಾಗಿ ಆಶ್ಚರ್ಯ ಇತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಒಂದು ವಿಷಯ ಹೇಳಿಕೊಟ್ಟರು. ಇವತ್ತಿಗೂ ಈ ಆಟದ ಬಗ್ಗೆ ನನಗೆ ಗೊತ್ತಿರುವ ಮುಖ್ಯ ಸಂಗತಿ ಅದೇ. ನೀನು ನೋಡುತ್ತಿರುವ ಜಾಗದಲ್ಲಿ ಬಾರ್ಬೇರಿಯನ್ ಹುಟ್ಟುವುದಿಲ್ಲ. ಅವರು ಹುಟ್ಟುವುದು ಮಂಜು ಕವಿದ ಕಡೆ ಮಾತ್ರ, ಯಾರ ಕಣ್ಣೂ ಇಲ್ಲದ ಕಡೆ.

ಇದು ಫೋರ್‌ನಲ್ಲೂ ನಿಜ, ಫೈವ್‌ನಲ್ಲೂ ನಿಜ, ಈಗ ಹುಡುಗ ಆಡುವ ಸಿಕ್ಸ್‌ನಲ್ಲೂ ನಿಜ. ಅವರ ಶಿಬಿರ ಏಳುವುದು ಯಾವ ನಾಡಿನ ಕಣ್ಣಿಗೂ ಬೀಳದ ಜಾಗದಲ್ಲೇ. ಅಂದರೆ ಗುಡ್ಡದ ಮೇಲೆ ನಿಂತ ಒಬ್ಬ ಬಡ ವಾರಿಯರ್ ಯಾರನ್ನೂ ಹೊಡೆಯಬೇಕಾಗಿಲ್ಲ. ಅವನು ನೋಡುತ್ತಿದ್ದರೆ ಸಾಕು. ಅವನು ನೋಡುವಷ್ಟು ನೆಲದಲ್ಲಿ ಶತ್ರು ಹುಟ್ಟುವುದೇ ಇಲ್ಲ. ಗುಡ್ಡ ಹತ್ತಿದರೆ ಮುಂದಿನ ಕಾಡಿನ ಆಚೆಗೂ ಕಾಣುತ್ತದೆ. ಅದಕ್ಕೇ ಗುಡ್ಡ.

ಈಗಿನ ಆಟದಲ್ಲಿ ಇದು ಇನ್ನೂ ಸೂಕ್ಷ್ಮವಾಗಿದೆ. ಬಾರ್ಬೇರಿಯನ್ ಶಿಬಿರದಿಂದ ಮೊದಲು ಬರುವವನು ಹೊಡೆಯುವವನಲ್ಲ, ಸುತ್ತಾಡಿ ನೋಡುವ ಒಬ್ಬ ಸ್ಕೌಟ್. ಅವನು ನಮ್ಮ ಊರನ್ನು ನೋಡಿದ ತಕ್ಷಣ ಅವನ ತಲೆ ಮೇಲೆ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಅಲ್ಲಿಂದ ಅವನು ವಾಪಸ್ ಓಡುತ್ತಾನೆ. ಶಿಬಿರ ಮುಟ್ಟಿ ಸುದ್ದಿ ಕೊಟ್ಟರೆ ಮುಗಿಯಿತು, ದಂಡು ಹೊರಡುತ್ತದೆ. ಶಿಬಿರದ ಹತ್ತಿರ ಕುದುರೆ ಇದ್ದರೆ ಕುದುರೆ ಸವಾರರೇ ಬರುತ್ತಾರೆ. ಹಾಗಾಗಿ ಮೊದಲ ನಲವತ್ತು ಟರ್ನ್‌ಗಳ ಜಗಳ ನಿಜವಾಗಿ ಕಣ್ಣುಗಳ ನಡುವಿನ ಜಗಳ. ಅವನು ನನ್ನನ್ನು ಮೊದಲು ನೋಡುತ್ತಾನೋ, ನಾನು ಅವನನ್ನು ಮೊದಲು ನೋಡುತ್ತೇನೋ. ಅವನು ಮನೆ ಮುಟ್ಟುವ ಮುಂಚೆ ದಾರಿಗೆ ಅಡ್ಡ ನಿಲ್ಲಲು ನನ್ನ ಹತ್ತಿರ ಯಾರಾದರೂ ಇದ್ದಾರೋ ಇಲ್ಲವೋ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಸಿಕ್ಸ್‌ನಲ್ಲಿ ವಾರಿಯರ್ ಬಲ 20. ಈಟಿಯವನ ಬಲ 25. ಬರೀ ಅಂಕಿ ನೋಡಿದರೆ ವಾರಿಯರ್ ಕಡಿಮೆ. ಅದೇ ವಾರಿಯರ್ ಗುಡ್ಡದ ಮೇಲೆ ನಿಂತರೆ 3 ಸೇರುತ್ತದೆ. ಅಲ್ಲೇ ಎರಡು ಟರ್ನ್ ಅಲುಗಾಡದೆ ಫೋರ್ಟಿಫೈ ಆಗಿ ನಿಂತರೆ ಇನ್ನೂ 6. ಈಗ 29. ಬಾರ್ಬೇರಿಯನ್ ವಿರುದ್ಧ 5 ಕೊಡುವ ಡಿಸಿಪ್ಲಿನ್ ಅನ್ನುವ ನೀತಿ ಕಾರ್ಡು ಹಾಕಿದ್ದರೆ 34. ಅದೇ ಮನುಷ್ಯ, ಅದೇ ದೊಣ್ಣೆ. ಹೊಸ ಆಯುಧ ಇಲ್ಲ, ಹೊಸ ವಿದ್ಯೆ ಇಲ್ಲ. ನಿಂತಿದ್ದಕ್ಕೇ ಬಲ ಬಂತು. ಅವನಿಗೆ ಸಂಬಳವೂ ಇಲ್ಲ. ಬಿಲ್ಲುಗಾರನಾದರೆ ಟರ್ನ್‌ಗೆ ಒಂದು ಚಿನ್ನ ಖಜಾನೆಯಿಂದ ಹೋಗುತ್ತದೆ. ವಾರಿಯರ್‌ಗೆ ಏನೂ ಕೊಡಬೇಕಾಗಿಲ್ಲ.

ಅಟ್ಟಣೆ

ಅಮ್ಮನ ತವರು ಬೇಲೂರು ತಾಲ್ಲೂಕು, ಅರೇಹಳ್ಳಿ ಕಡೆ. ಮೇಲೆ ಕಾಫಿ, ಕೆಳಗೆ ಗದ್ದೆ. ತಾತನಿಗೆ ಕಾಫಿ ಕಡಿಮೆ, ಗದ್ದೆ ಜಾಸ್ತಿ. ಭತ್ತ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಕಾಟ ಶುರುವಾಗುತ್ತಿತ್ತು. ಗದ್ದೆಯ ಮೂಲೆಯಲ್ಲಿ ಒಂದು ಹಲಸಿನ ಮರ. ಅದಕ್ಕೆ ಸೇರಿಸಿ ಕಟ್ಟಿದ ಅಟ್ಟಣೆ. ನಾಲ್ಕು ಕಂಬ, ಮೇಲೆ ಬಿದಿರಿನ ಹಾಸು, ಅದರ ಮೇಲೆ ಹುಲ್ಲು. ತಾತ ಸಂಜೆ ಊಟ ಮುಗಿಸಿ ಕಂಬಳಿ, ಟಾರ್ಚು, ಎಲೆ ಅಡಿಕೆ ಚೀಲ, ಒಂದು ಖಾಲಿ ಎಣ್ಣೆ ಡಬ್ಬ ತಗೊಂಡು ಹೋಗುತ್ತಿದ್ದರು. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದುಕೊಂಡು ಬರುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಹಠ ಮಾಡಿ ಒಂದು ರಾತ್ರಿ ಜೊತೆಗೆ ಹೋದೆ. ಅಜ್ಜಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಿದ್ದರು. ಹಂದಿ ಬರುತ್ತದೆ, ತಾತ ಹೊಡೆಯುತ್ತಾರೆ, ನಾನು ನೋಡುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಏಣಿ ಹತ್ತಿ ಕೂತ ಮೇಲೆ ನೋಡಿದರೆ ತಾತನ ಹತ್ತಿರ ಹೊಡೆಯುವಂಥದ್ದು ಏನೂ ಇಲ್ಲ. ಕೋವಿ ಇಲ್ಲ. ಒಂದು ದೊಣ್ಣೆಯೂ ಇಲ್ಲ. ಕತ್ತಲಾಯಿತು. ಕಪ್ಪೆಗಳು ಶುರುವಾದವು. ಮಂಜು ಗದ್ದೆಯ ಮೇಲೆ ಮೊಣಕಾಲೆತ್ತರಕ್ಕೆ ಬಂದು ನಿಂತಿತು. ತಾತ ಆಗಾಗ ಟಾರ್ಚು ಹಾಕಿ ಗದ್ದೆಯ ಮೇಲೆ ನಿಧಾನವಾಗಿ ಒಂದು ಸುತ್ತು ಬೆಳಕು ಓಡಿಸುತ್ತಿದ್ದರು. ಆಮೇಲೆ ಡಬ್ಬ ನಾಲ್ಕು ಸಲ ಬಡಿದು "ಹೋ... ಹೋಯ್" ಅನ್ನುತ್ತಿದ್ದರು. ಆಚೆ ದಿಣ್ಣೆಯಿಂದ ಇನ್ನೊಬ್ಬರು ಯಾರೋ "ಹೋಯ್" ಅನ್ನುತ್ತಿದ್ದರು. ಅಷ್ಟೇ. ಇಡೀ ರಾತ್ರಿ ಅಷ್ಟೇ.

ನನಗೆ ಬೇಜಾರಾಯಿತು. "ತಾತ, ಹಂದಿ ಬಂದ್ರೆ ಹೆಂಗೆ ಹೊಡೀತೀರ?" ಅಂದೆ.

ತಾತ ಅಡಿಕೆ ಕತ್ತರಿಸುತ್ತಾ ಹೇಳಿದರು, "ಹೊಡೆಯಕ್ಕಲ್ಲ ಕಣ್ ಮಗ ಇಲ್ಲಿ ಕೂರೋದು. ಇಲ್ಲಿ ಒಬ್ಬ ಅವ್ನೆ ಅಂತ ಅವುಕ್ಕೆ ಗೊತ್ತಾಗ್ಲಿ ಅಂತ."

ಆ ರಾತ್ರಿ ಹಂದಿ ಬರಲಿಲ್ಲ. ನನಗೆ ನಿರಾಸೆ. ಬೆಳಿಗ್ಗೆ ಇಳಿಯುವಾಗ ತಾತ ಗದ್ದೆ ಬದುವಿನ ಮೇಲೆ ನಡೆದು ಹೆಜ್ಜೆ ನೋಡಿದರು. ತೊರೆಯ ಆಚೆ ದಂಡೆಯವರೆಗೆ ಹಂದಿ ಹೆಜ್ಜೆ ಬಂದಿತ್ತು. ಅಲ್ಲಿಂದ ತಿರುಗಿ ಹೋಗಿತ್ತು. ತಾತ ಅದನ್ನು ನನಗೆ ತೋರಿಸಿದರು. ಆಗ ನಾನು ಅದನ್ನು ನೋಡಿದೆ, ಆದರೆ ಅದು ಏನು ಅಂತ ತಿಳಿಯಲಿಲ್ಲ. ಬಂದು ತಿರುಗಿ ಹೋದ ಹೆಜ್ಜೆಯೇ ಆ ರಾತ್ರಿಯ ಕೆಲಸ ಅಂತ ಈಗ ತಿಳಿಯುತ್ತದೆ.

ಈಗ ಆ ಕಡೆ ಹಂದಿಗಿಂತ ದೊಡ್ಡ ಚಿಂತೆ ಆನೆ. ಬೇಲೂರು, ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಇರುವುದು ನಿಮಗೆಲ್ಲ ಗೊತ್ತೇ ಇದೆ. ಆನೆಯ ಎದುರು ಯಾವ ಡಬ್ಬವೂ ನಡೆಯುವುದಿಲ್ಲ. ಆದರೂ ಅಲ್ಲಿ ಜನರನ್ನು ಉಳಿಸುತ್ತಿರುವುದು ಮುಖ್ಯವಾಗಿ ಕಣ್ಣೇ. ಅರಣ್ಯ ಇಲಾಖೆಯ ಹುಡುಗರು ಬೆಳಗಿನ ಜಾವ ಹೆಜ್ಜೆ ಹಿಡಿದು ಹೊರಡುತ್ತಾರೆ. ಕೆಲವು ಹೆಣ್ಣಾನೆಗಳ ಕುತ್ತಿಗೆಗೆ ರೇಡಿಯೋ ಕಾಲರ್ ಇದೆ. ಇಂಥ ತೋಟದಲ್ಲಿ ಗುಂಪು ಇದೆ, ಆ ದಾರಿಯಲ್ಲಿ ಹೋಗಬೇಡಿ ಅಂತ ಮೊಬೈಲಿಗೆ ಮೆಸೇಜು ಬರುತ್ತದೆ. ಮಾವನ ಮನೆಯಲ್ಲಿ ಬೆಳಿಗ್ಗೆ ಕೆಲಸದವರನ್ನು ಕರೆಯುವ ಮುಂಚೆ ಮೊದಲು ಆ ಮೆಸೇಜು ನೋಡುತ್ತಾರೆ. ಆ ಹುಡುಗರು ಆನೆಯನ್ನು ಗೆಲ್ಲಲು ಹೋಗುವುದಿಲ್ಲ. ಅದು ಎಲ್ಲಿದೆ ಅಂತ ತಿಳಿಯಲು ಹೋಗುತ್ತಾರೆ. ಅದಕ್ಕೆ ಬೇಕಾದ ಧೈರ್ಯ ಚಿಕ್ಕದಲ್ಲ.

ಗದ್ದೆ ಮೂಲೆಯ ಕಲ್ಲು

ಅದೇ ಗದ್ದೆಯಿಂದ ಊರಿಗೆ ಬರುವ ದಾರಿಯಲ್ಲಿ, ಕಾಲುವೆ ಪಕ್ಕ, ಒಂದು ವೀರಗಲ್ಲು ಇದೆ. ಎದೆ ಎತ್ತರ. ಹಾಸನ ಜಿಲ್ಲೆಯಲ್ಲಿ ಇಂಥ ಕಲ್ಲು ಇಲ್ಲದ ಊರು ಹುಡುಕುವುದು ಕಷ್ಟ. ನಮ್ಮ ಕಲ್ಲಿನ ಮೇಲೆ ಬರಹ ಇಲ್ಲ. ಯಾರು, ಯಾವಾಗ, ಗೊತ್ತಿಲ್ಲ. ಅಜ್ಜಿ ಹಬ್ಬದ ದಿನ ಅರಿಶಿನ ಕುಂಕುಮ ಇಟ್ಟು ಎರಡು ಹೂವು ಹಾಕುತ್ತಿದ್ದರು. ಯಾವ ದೇವರು ಅಂತ ಕೇಳಿದರೆ "ಯಾರೋ ನಮ್ಮೋರು" ಅನ್ನುತ್ತಿದ್ದರು.

ಕಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಕತ್ತಿ ಗುರಾಣಿ ಹಿಡಿದ ಒಬ್ಬ, ಎದುರಿಗೆ ಇಬ್ಬರು, ಅವನ ಹಿಂದೆ ದನಗಳು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲೆ ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗ, ನಂದಿ, ಪಕ್ಕದಲ್ಲಿ ಕೂತ ಅವನು. ಇದು ತುರುಗೋಳಿನ ಕಲ್ಲು, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲು. ಹಳೆಯ ಶಾಸನಗಳಲ್ಲಿ ಇಂಥ ಸಾವುಗಳಿಗೆ ಹೆಸರುಗಳಿವೆ. ದನಕ್ಕಾಗಿ ಆದರೆ ತುರುಗೋಳ್. ಹೆಣ್ಣುಮಕ್ಕಳ ಮಾನ ಕಾಯುವಾಗ ಆದರೆ ಪೆಣ್ಬುಯ್ಯಲ್. ಊರೇ ಹಾಳಾಗುವ ಹೊತ್ತಿನಲ್ಲಿ ಆದರೆ ಊರಳಿವು. ಊರಳಿವು ಅನ್ನುವ ಮಾತು ಮೊದಲು ಓದಿದಾಗ ನನಗೆ ಹಾಸ್ಟೆಲಿನ ಆ ರಾತ್ರಿ ನೆನಪಾಯಿತು. ನಕಾಶೆಯಿಂದ ಅಳಿಸಿಹೋದ ಆ ಒಂದೇ ಒಂದು ಜನಸಂಖ್ಯೆಯ ಊರು.

ಆ ಕಲ್ಲಿನ ಮನುಷ್ಯ ಯಾರ ಸೈನ್ಯದವನೂ ಅಲ್ಲದಿರಬಹುದು. ದನ ಕಾಯುತ್ತಿದ್ದವನೇ ಇರಬಹುದು. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಮಾಡಿದ ಮೊದಲ ಸಿವಿಲೈಸೇಶನ್‌ನಲ್ಲಿ ಆರಂಭದ ಪಡೆಗೆ ವಾರಿಯರ್ ಅಂತ ಹೆಸರು ಇರಲಿಲ್ಲ. ಮಿಲಿಷಿಯಾ ಅಂತ ಇತ್ತು. ಅಂದರೆ ಊರವರೇ ಕೈಗೆ ಸಿಕ್ಕಿದ್ದು ಹಿಡಿದು ನಿಂತ ಗುಂಪು. ದಾಳಿ 1, ರಕ್ಷಣೆ 1, ನಡಿಗೆ 1. ಎಲ್ಲವೂ ಒಂದೊಂದೇ. 1996ರ ಎರಡನೇ ಆಟದಲ್ಲಿ ಅದು ವಾರಿಯರ್ ಆಯಿತು. ನನಗೆ ಹಳೆಯ ಹೆಸರೇ ಸರಿ ಅನ್ನಿಸುತ್ತದೆ. ಯೋಧ ಅಂದ ಕೂಡಲೇ ಅವನನ್ನು ಎಲ್ಲಿಗೋ ಕಳಿಸಬೇಕು, ಯಾರನ್ನೋ ಸೋಲಿಸಬೇಕು ಅನ್ನಿಸುತ್ತದೆ. ಊರವನು ಅಂದರೆ ಊರಲ್ಲಿ ಇರುತ್ತಾನೆ.

ಶುರುವಿನಲ್ಲೇ ದಂಡೆತ್ತಿ ಹೋಗುವ ಆಟವೂ ಇದೆ. ಅದನ್ನು ಅಲ್ಲಗಳೆಯುವುದಿಲ್ಲ. ಒಬ್ಬ ಕವಣೆಯವನನ್ನು ತಯಾರಿಸಿ, ಅವನ ಕೈಯಲ್ಲಿ ಒಬ್ಬ ಬಾರ್ಬೇರಿಯನ್‌ನನ್ನು ಕೊಲ್ಲಿಸಿದರೆ ಬಿಲ್ಲುವಿದ್ಯೆಯ ದೊಡ್ಡ ಪಾಲು ತಾನಾಗಿ ಬಂದಹಾಗೆ. ನಾಲ್ಕು ಬಿಲ್ಲುಗಾರರು ಸೇರಿದರೆ ಗೋಡೆ ಇಲ್ಲದ ಪಕ್ಕದ ರಾಜಧಾನಿ ಬೀಳುತ್ತದೆ. ನಾನೂ ಹಾಗೆ ಗೆದ್ದಿದ್ದೇನೆ. ಹಾಗೆ ಗೆದ್ದ ಒಂದು ಆಟವೂ ಈಗ ನನಗೆ ನೆನಪಿಲ್ಲ. ಸೋಲಬೇಕಾಗಿದ್ದು ಉಳಿದುಕೊಂಡ ಆಟಗಳು ನೆನಪಿವೆ. ಒಂದು ಆಟದಲ್ಲಿ ಒಬ್ಬ ವಾರಿಯರ್ ಎರಡು ಹೊಳೆ ಸೇರುವ ಜಾಗದ ಗುಡ್ಡದ ಮೇಲೆ ನಿಂತು ಹನ್ನೊಂದು ಟರ್ನ್ ತಡೆದ. ಅವನ ಹಿಂದೆ ಊರಿನಲ್ಲಿ ನಿಧಾನವಾಗಿ ಬಿಲ್ಲುಗಾರನೊಬ್ಬ ತಯಾರಾದ. ಬಿಲ್ಲುಗಾರ ಹೊರಗೆ ಬಂದ ಟರ್ನ್‌ನಲ್ಲೇ ವಾರಿಯರ್ ಸತ್ತ. ಆ ಗುಡ್ಡ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಲ್ಮಿಡಿ ನಮ್ಮ ತಾಲ್ಲೂಕೇ. ಆ ಶಾಸನದ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಏನಿದೆ ಅಂತ ಕೇಳಿದರೆ ಬಹಳ ಜನ ತಡವರಿಸುತ್ತಾರೆ. ಸುಮಾರು ಕ್ರಿ.ಶ. 450ರ ಆ ಕಲ್ಲು ಹೇಳುವುದು ಒಬ್ಬ ಕಾದಾಡಿದವನ ಬಗ್ಗೆ. ವಿಜ ಅರಸ ಅನ್ನುವವನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ಬಾಳ್ಗಳ್ಚಾಗಿ ಕೊಟ್ಟರು. ಬಾಳ್ ಅಂದರೆ ಕತ್ತಿ. ಕಳ್ಚು ಅಂದರೆ ತೊಳೆ. ಕತ್ತಿ ತೊಳೆದು ಕೊಡುವ ದತ್ತಿ. ಕನ್ನಡ ಕಲ್ಲಿನ ಮೇಲೆ ಕೂತ ಆ ಮೊದಲ ದಿನಗಳಲ್ಲೇ ಕತ್ತಿಯನ್ನು ತೊಳೆಯುವ ಮಾತು ಬಂದಿದೆ. ಕೆಲಸ ಮುಗಿಯಿತು, ಇನ್ನು ಈ ಊರು ನಿನ್ನದು, ಇಲ್ಲಿ ಇರು ಅಂತ. ನನ್ನ ಆಟದಲ್ಲಿ ಸಂಬಳವಿಲ್ಲದೆ ಸಾವಿರಾರು ವರ್ಷ ನಿಲ್ಲುವ ವಾರಿಯರ್‌ನನ್ನು ನೋಡಿದಾಗ ನನಗೆ ಆ ಪದ ನೆನಪಾಗುತ್ತದೆ. ಅವನಿಗೆ ಕತ್ತಿ ತೊಳೆಯುವ ದಿನ ಬರುವುದೇ ಇಲ್ಲ.

ಸೊಸೆವೂರಿನಿಂದ ದೋರಸಮುದ್ರಕ್ಕೆ

ಎರಡನೇ ದಿನ ಮಳೆ ಸ್ವಲ್ಪ ಬಿಟ್ಟಾಗ ಹುಡುಗನನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ಅವನು ಸ್ಕೂಲಿನ ಟೂರಿನಲ್ಲಿ ಎರಡು ಸಲ ನೋಡಿದ್ದಾನೆ. ಆದರೂ ಬಂದ. ದೇವಸ್ಥಾನದ ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳಿವೆಯಲ್ಲ, ಅದನ್ನು ಎಣಿಸುತ್ತಾ ಅರ್ಧ ಸುತ್ತು ಹೋದ. "ಇದೇ ವರು ಅಲ್ವಾ ಮಾಮ" ಅಂದ. ನಾನು ಹೂಂ ಅಂದೆ. ಆನೆಯ ಮೇಲಿನ ಸಾಲಿನಲ್ಲಿ ಸಿಂಹ, ಅದರ ಮೇಲೆ ಬಳ್ಳಿ, ಅದರ ಮೇಲೆ ಕುದುರೆ. ಆನೆ ಎಲ್ಲಕ್ಕಿಂತ ಕೆಳಗೆ, ಗುಡಿಯನ್ನೆಲ್ಲಾ ಹೊತ್ತುಕೊಂಡು.

ಅಲ್ಲಿ ಕಟ್ಟೆಯ ಮೇಲೆ ಕೂತು ಅವನಿಗೆ ಒಂದು ವಿಷಯ ಹೇಳಿದೆ. ಇದನ್ನು ಕಟ್ಟಿದ ಹೊಯ್ಸಳರು ಶುರು ಮಾಡಿದ್ದು ಇಲ್ಲಿಂದ ಅಲ್ಲ. ನಿಮ್ಮ ಜಿಲ್ಲೆಯಿಂದ. ಮೂಡಿಗೆರೆ ತಾಲ್ಲೂಕಿನ ಅಂಗಡಿ. ಆಗಿನ ಹೆಸರು ಸೊಸೆವೂರು. ಮಳೆ, ಕಾಡು, ಗುಡ್ಡ. ಸಳ ಹುಲಿಯನ್ನು ಹೊಡೆದ ಕತೆ ನಡೆಯುವುದೂ ಅಲ್ಲಿಯ ವಾಸಂತಿಕೆಯ ಗುಡಿಯಲ್ಲೇ. ಒಬ್ಬ ಮನುಷ್ಯ, ಒಂದು ಹುಲಿ, ಅದನ್ನೇ ಲಾಂಛನ ಮಾಡಿಕೊಂಡರು. ಮುಂದೆ ದೊಡ್ಡ ರಾಜರಾದ ಮೇಲೂ ಹೊಯ್ಸಳರು ಇಟ್ಟುಕೊಂಡ ಬಿರುದು ಮಲೆಪರೊಳ್ ಗಂಡ. ಮಲೆಯ ಜನರ ನಡುವೆ ಗಂಡು ಅಂತ. ಗುಡ್ಡವನ್ನು ಅವರು ಮರೆಯಲಿಲ್ಲ.

ಸೊಸೆವೂರಿನಿಂದ ಬೇಲೂರು, ಬೇಲೂರಿನಿಂದ ದೋರಸಮುದ್ರ, ಅಂದರೆ ಈ ಹಳೇಬೀಡು. ಇದಕ್ಕೆ ತಲೆಮಾರುಗಳು ಹಿಡಿದವು. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮೇಲೆ. ಅವನ ಅಜ್ಜ ವಿನಯಾದಿತ್ಯ ಚಾಲುಕ್ಯರ ಕೆಳಗೆ ಸಾಮಂತನಾಗಿ ನಾಡು ಕಾಯುತ್ತಿದ್ದ. ಅಂದರೆ ಕಲ್ಲು ಕೆತ್ತುವ ಮುಂಚೆ ಎಷ್ಟೋ ವರ್ಷ ಯಾರೋ ಘಟ್ಟದ ಅಂಚಿನಲ್ಲಿ ನಿಂತಿದ್ದರು. ನಾನು ಹಾಸ್ಟೆಲಿನಲ್ಲಿ ತಿರುವು ಮುರುವು ಮಾಡಿದ್ದು ಅದನ್ನೇ. ಗುಡಿ ಮೊದಲು ಕಟ್ಟಿ ಕಾವಲು ಆಮೇಲೆ ಅಂದುಕೊಂಡಿದ್ದೆ.

ಇನ್ನೊಂದು ಮಾತು ಹೇಳುವಾಗ ನನಗೆ ಸ್ವಲ್ಪ ಸಂಕಟವಾಯಿತು, ಆದರೂ ಹೇಳಿದೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ಬಂದಾಗ ಹೊಯ್ಸಳ ರಾಜ ಮೂರನೇ ಬಲ್ಲಾಳ ಊರಿನಲ್ಲಿ ಇರಲಿಲ್ಲ. ಪಾಂಡ್ಯರ ಅಣ್ಣ ತಮ್ಮಂದಿರ ಜಗಳದ ಹೊತ್ತು ನೋಡಿ ತಮಿಳು ಸೀಮೆಯ ಕಡೆ ದಂಡು ತೆಗೆದುಕೊಂಡು ಹೋಗಿದ್ದ. ಸುದ್ದಿ ಕೇಳಿ ಓಡಿ ಬಂದ, ಆದರೆ ತಡೆಯಲಾಗಲಿಲ್ಲ. ಸಂಧಿ ಮಾಡಿಕೊಂಡು ಸಂಪತ್ತು ಕೊಟ್ಟು ಕಳಿಸಬೇಕಾಯಿತು. ಗುಡ್ಡದ ಅಂಚಿನಿಂದ ಎದ್ದು ಬಂದ ಮನೆತನ ಮುನ್ನೂರು ವರ್ಷದ ಮೇಲೆ ಮನೆ ಬಿಟ್ಟು ದೂರ ಹೋಗಿದ್ದಾಗ ಪೆಟ್ಟು ತಿಂದಿತು.

ಹುಡುಗ ಆನೆಯ ಸಾಲನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ "ಅವರ ವಾರಿಯರ್ ಹಿಮದ ಹತ್ತಿರ ಇದ್ದ" ಅಂದ.

ಮತ್ತೆ ಶುರು

ಆ ರಾತ್ರಿ ಹೊಸ ಆಟ ಹಾಕಿದೆವು. ಮತ್ತೆ ಭಾರತವೇ. ಆನೆಯ ಆಸೆ ಅವನು ಬಿಟ್ಟಿರಲಿಲ್ಲ. ಬಿಡಬೇಕು ಅಂತ ನಾನೂ ಹೇಳಲಿಲ್ಲ. ವಾರಿಯರ್‌ನನ್ನು ರಾಜಧಾನಿಯ ಸುತ್ತ ಒಂದು ಸುತ್ತು ಹೊಡೆಸಿದ. ಮೊದಲು ಒಬ್ಬ ಸ್ಕೌಟ್ ತಯಾರಿಸಿದ, ದೂರ ನೋಡುವ ಕೆಲಸ ಅವನಿಗೆ ಕೊಟ್ಟ. ಸ್ಕೌಟ್ ಬೆಲೆ 30, ವಾರಿಯರ್ ಬೆಲೆ 40, ಸೆಟ್ಲರ್ ಬೆಲೆ 80. ಶುರುವಿನಲ್ಲಿ ಊರು ಟರ್ನ್‌ಗೆ ಐದರಷ್ಟು ಕೆಲಸ ಮಾಡಿದರೆ ಸೆಟ್ಲರ್‌ಗೆ ಹದಿನಾರು ಟರ್ನ್. ಮೇಲಾಗಿ ಊರಿನಿಂದ ಒಂದು ಜನಸಂಖ್ಯೆಯೂ ಹೋಗುತ್ತದೆ. ಅಷ್ಟು ಖರ್ಚು ಮಾಡಿ ಕಳಿಸುವವನನ್ನು ಒಬ್ಬನೇ ಕಳಿಸಬಾರದು ಅಂತ ಅವನೇ ಲೆಕ್ಕ ಹಾಕಿ ಹೇಳಿದ.

ಇಪ್ಪತ್ತೆರಡನೇ ಟರ್ನ್‌ಗೆ ಒಬ್ಬ ಬಾರ್ಬೇರಿಯನ್ ಸ್ಕೌಟ್ ಉತ್ತರದಿಂದ ಇಣುಕಿದ. ಊರು ಇನ್ನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ತಲೆ ಮೇಲೆ ಚಿಹ್ನೆ ಇರಲಿಲ್ಲ. ಹುಡುಗ ವಾರಿಯರ್‌ನನ್ನು ಅವನ ಕಡೆ ಓಡಿಸಲಿಲ್ಲ. ಕಣಿವೆಯ ಬಾಯಲ್ಲಿದ್ದ ಗುಡ್ಡದ ಮೇಲೆ ಹತ್ತಿಸಿ ನಿಲ್ಲಿಸಿದ, ಫೋರ್ಟಿಫೈ ಒತ್ತಿದ. ಮುಂದಿನ ಟರ್ನ್ ಸ್ಕೌಟ್ ಒಂದು ಹೆಜ್ಜೆ ಮುಂದೆ ಬಂದ. ಅದರ ಮುಂದಿನ ಟರ್ನ್ ತಿರುಗಿ ಬೇರೆ ದಿಕ್ಕಿಗೆ ಹೋದ. ಕಂದು ಬಣ್ಣದ ಒಳಗೆ ಮಾಯವಾದ.

"ಹೋದ" ಅಂದ ಹುಡುಗ. ಆಮೇಲೆ ಕೇಳಿದ, "ಹೋದದ್ದು ಇವನನ್ನ ನೋಡಿನಾ, ಸುಮ್ನೆ ಹೋದದ್ದಾ?"

ಅದು ನನಗೂ ಗೊತ್ತಾಗುವ ಹಾಗಿರಲಿಲ್ಲ. ತಾತನ ಗದ್ದೆಯ ಹೆಜ್ಜೆಯ ವಿಷಯ ಅವನಿಗೆ ಹೇಳಿದೆ. ಅಟ್ಟಣೆ, ಡಬ್ಬ, ಆಚೆ ದಿಣ್ಣೆಯ ಹೋಯ್, ತೊರೆಯವರೆಗೆ ಬಂದು ತಿರುಗಿದ ಹಂದಿ, ಎಲ್ಲಾ. ಅವನು ತಾತನನ್ನು ನೋಡಿಲ್ಲ, ಫೋಟೋ ಮಾತ್ರ ನೋಡಿದ್ದಾನೆ. ಸುಮ್ಮನೆ ಕೇಳಿಸಿಕೊಂಡ. ಮೌಸ್ ಮೇಲೆ ಕೈ ಇಟ್ಟುಕೊಂಡೇ ಇದ್ದ, ಆದರೆ ಟರ್ನ್ ಮುಗಿಸಲಿಲ್ಲ.

"ಎಷ್ಟು ವರ್ಷ ಕೂತಿದ್ರು ಮುತ್ತಾತ ಅಲ್ಲಿ?" ಅಂದ.

ನನಗೆ ಗೊತ್ತಿರಲಿಲ್ಲ. ಒಂಬತ್ತು ಗಂಟೆಯಾಗಿತ್ತು. ಅಮ್ಮ ಆವತ್ತು ಮಾವನ ಮನೆಯಲ್ಲೇ ಇದ್ದರು. ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆ ಕಡೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

"ನಾನು ಹುಟ್ಟಕ್ ಮುಂಚಿಂದ ಕೂತ್ಕೋತಿದ್ರು" ಅಂದರು. "ಮಂಡಿ ನೋವು ಬಂದು ಏಣಿ ಹತ್ತಕ್ ಆಗ್ದೇ ಇದ್ದ ವರ್ಷ ಬಿಟ್ರು. ಆ ವರ್ಷ ಹಲಸಿನ ಮರದ ಬುಡದಲ್ಲಿ ಕುರ್ಚಿ ಹಾಕ್ಸಿಕೊಂಡು ಕೂತಿದ್ರು."